ತಕ್ಕಡಿಯ ಮುಳ್ಳು

ಕೋವಿಯ ಸುತ್ತಮುತ್ತಲಿನ ಮಾತುಗಳಿಗೆ ಕನ್ನಡದಲ್ಲಿ ಬರವಿಲ್ಲ. ಮಲೆನಾಡಿನ ತೋಟದ ಮನೆಯಲ್ಲಿ ಹುಟ್ಟಿದವರಿಗೆ ಕೇಪಿನ ಕೋವಿ, ತೋಟಾ ಕೋವಿ, ಮದ್ದು, ಚರೆ, ಗುಂಡು, ಈಡು ಎಂಬ ಶಬ್ದಗಳನ್ನು ಯಾರೂ ಕೂರಿಸಿಕೊಂಡು ಕಲಿಸುವುದಿಲ್ಲ; ಅಡಿಕೆ, ಏಲಕ್ಕಿ, ಉಂಬಳಗಳ ಜತೆಗೇ ಅವೂ ಕಿವಿಗೆ ಬೀಳುತ್ತವೆ. ಆದರೆ ಎರಡು ವರ್ಷದಿಂದ ನಾನು ಹತ್ತಿರದಿಂದ ನೋಡುತ್ತಿರುವ ಒಂದು ಹವ್ಯಾಸಕ್ಕೆ ನಮ್ಮಲ್ಲಿ ಹೆಸರಿಲ್ಲ. ಇಲ್ಲಿಯವರು ಅದನ್ನು ರೀಲೋಡಿಂಗ್ ಎನ್ನುತ್ತಾರೆ. ಒಮ್ಮೆ ಹಾರಿಸಿದ ರೈಫಲ್ ತೋಟಾದ ಹಿತ್ತಾಳೆಯ ಕವಚವನ್ನು ಎಸೆಯದೆ ಎತ್ತಿಟ್ಟುಕೊಂಡು, ಹೊಸ ಕೇಪು, ಹೊಸ ಮದ್ದು, ಹೊಸ ಗುಂಡು ಕೂರಿಸಿ ಮನೆಯಲ್ಲೇ ಮತ್ತೆ ತೋಟಾ ಮಾಡಿಕೊಳ್ಳುವುದು. ನಾನು ಇದನ್ನು ತೋಟಾ ತುಂಬುವುದು ಎಂದೇ ಕರೆಯುತ್ತೇನೆ.

ನಾನಿರುವುದು ಅಮೆರಿಕದ ನೆಬ್ರಾಸ್ಕಾ ರಾಜ್ಯದಲ್ಲಿ. ಕಣ್ಣು ಹಾಯಿಸಿದಷ್ಟು ದೂರ ಮೆಕ್ಕೆಜೋಳ. ಇಲ್ಲಿನ ಗ್ರ್ಯಾಂಡ್ ಐಲೆಂಡ್ ಎಂಬ ಊರಿನಲ್ಲಿ 1949ರಲ್ಲಿ ಶುರುವಾದ ಹಾರ್ನಡಿ ಕಂಪನಿ ಗುಂಡುಗಳನ್ನೂ ತೋಟಾ ತುಂಬುವ ಸಲಕರಣೆಗಳನ್ನೂ ಮಾಡುತ್ತದೆ. ಸ್ವಂತ ಬಳಕೆಗೆ ತೋಟಾ ತುಂಬಿಕೊಳ್ಳಲು ಈ ದೇಶದಲ್ಲಿ ಕೇಂದ್ರ ಸರಕಾರದ ಪರವಾನಗಿ ಬೇಕಿಲ್ಲ. ಮಾರಲು ಮಾತ್ರ ಬೇಕು. ನಮ್ಮಲ್ಲಿ ಹಾಗಲ್ಲ, 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಮದ್ದುಗುಂಡು ತಯಾರಿಸಲು ಪರವಾನಗಿ ಬೇಕೇ ಬೇಕು. ನನ್ನ ಸಂಶೋಧನೆಗೂ ಕೋವಿಗೂ ಸಂಬಂಧವಿಲ್ಲ. ಯಂತ್ರಭಾಗಗಳನ್ನು ಅಳೆಯುವಾಗ ಅಳತೆಯೊಳಗೇ ಸೇರಿಕೊಳ್ಳುವ ತಪ್ಪು ಎಷ್ಟು, ಅದು ಎಲ್ಲಿಂದ ಬರುತ್ತದೆ ಎನ್ನುವುದು ನನ್ನ ಪಿಎಚ್‌ಡಿಯ ವಿಷಯ. ನಮ್ಮ ವಿಭಾಗದ ವರ್ಕ್‌ಶಾಪಿನಲ್ಲಿ ಮೂವತ್ತು ವರ್ಷ ಲೇತ್ ನಡೆಸಿ ನಿವೃತ್ತರಾದವರೊಬ್ಬರು ನನ್ನ ಪ್ರಯೋಗಕ್ಕೆ ಬೇಕಾದ ಲೋಹದ ತುಂಡುಗಳನ್ನು ಕಡೆದುಕೊಟ್ಟಿದ್ದರು. ಇಲ್ಲಿಯ ವಾಡಿಕೆಯಂತೆ ಅವರನ್ನು ಹೆಸರು ಹಿಡಿದೇ ಕೂಗುತ್ತೇನಾದರೂ ಮನಸ್ಸಿನೊಳಗೆ ಅವರು ಮೇಸ್ತ್ರಿಗಳು. ಅವರ ನೆಲಮಾಳಿಗೆಯ ಬೆಂಚಿನ ಮೇಲೆ ಈ ಕಸುಬು ನಲವತ್ತು ವರ್ಷದಿಂದ ನಡೆಯುತ್ತಿದೆ.

ಒಂದು ವಿಷಯ ಮೊದಲೇ ಹೇಳಿಬಿಡಬೇಕು. ವಿದ್ಯಾರ್ಥಿ ವೀಸಾದ ಮೇಲೆ ಬಂದವರು ಇಲ್ಲಿ ಕೋವಿಯನ್ನಾಗಲಿ ಮದ್ದುಗುಂಡನ್ನಾಗಲಿ ಇಟ್ಟುಕೊಳ್ಳುವಂತಿಲ್ಲ. ಬೇಟೆಯ ಲೈಸೆನ್ಸ್ ಪಡೆದವರಿಗೆ ಇರುವಂಥ ಕೆಲವು ವಿನಾಯಿತಿಗಳು ಬೇರೆ. ಆ ಕಾನೂನಿನ ಲೆಕ್ಕದಲ್ಲಿ ಖಾಲಿ ಹಿತ್ತಾಳೆ, ಕೇಪು, ಮದ್ದು, ಗುಂಡು ಎಲ್ಲವೂ ಬಿಡಿಬಿಡಿಯಾಗಿಯೂ ಮದ್ದುಗುಂಡೇ. ಹಾಗಾಗಿ ಮೇಸ್ತ್ರಿಗಳ ನೆಲಮಾಳಿಗೆಯಲ್ಲಿ ನಾನು ಮುಟ್ಟಿದ್ದು ಉಪಕರಣಗಳನ್ನು ಮಾತ್ರ. ತೋಟಾ ಅವರ ಕೈಯಲ್ಲಿ, ಅಂಕಿ ನನ್ನ ಕೈಯಲ್ಲಿ.

ಕಳೆದ ಚಳಿಗಾಲದಲ್ಲಿ ಅವರ ಮೊಮ್ಮಗಳಿಗೆ ಒಂದು ಪ್ರಶ್ನೆ ಬಂತು. ಇಪ್ಪತ್ತು ವರ್ಷದ ಆ ಹುಡುಗಿ ಕೃಷಿ ಓದುತ್ತಾಳೆ. 600 ಗಜ ದೂರದ ಗುರಿ ಸ್ಪರ್ಧೆಯಲ್ಲಿ.308 ವಿಂಚೆಸ್ಟರ್ ರೈಫಲ್ ಹಿಡಿದು ಮಲಗಲು ಶುರುಮಾಡಿದ್ದಾಳೆ. ದಿನಸಿ ಅಂಗಡಿಯಲ್ಲಿ ದುಡಿದು ಒಂದು ಸಾವಿರ ಡಾಲರ್ ಕೂಡಿಟ್ಟಿದ್ದಳು. ಅದರಲ್ಲಿ ಏನು ಕೊಳ್ಳಬೇಕು? ಅವಳ ಪಟ್ಟಿಯಲ್ಲಿ ಮೊದಲನೆಯದು ಒಂದು ಕಾಳು ಮದ್ದು ಬಿದ್ದರೂ ತೋರಿಸುವ ಎಲೆಕ್ಟ್ರಾನಿಕ್ ತಕ್ಕಡಿ, ಜತೆಗೆ ಮದ್ದನ್ನು ತಾನೇ ಉದುರಿಸುವ ಯಂತ್ರ. ಮುಕ್ಕಾಲು ಪಾಲು ದುಡ್ಡು ಅದಕ್ಕೇ ಹೋಗುತ್ತಿತ್ತು. ಅಜ್ಜನ ವಾದ ಬೇರೆ: ಬೆಂಚಿನ ಮೇಲಿರುವುದೇ ಸಾಕು, ದುಡ್ಡನ್ನು ಗುಂಡಿಗೆ ಹಾಕು. ಇಬ್ಬರೂ ಹಟಮಾರಿಗಳು. ನಡುವೆ ಪಂಚಾಯಿತಿಗೆ ನಾನು.

ಕೆಲಸ ಕೇಳಲು ಸರಳವಾಗಿದೆ. ಕೋವಿ ಹಾರಿದಾಗ ಒಳಗಿನ ಒತ್ತಡಕ್ಕೆ ಹಿತ್ತಾಳೆ ಉಬ್ಬಿ ಕೋಣೆಯ ಗೋಡೆಗೆ ಅಂಟಿಕೊಳ್ಳುತ್ತದೆ, ಆಮೇಲೆ ತುಸು ಕುಗ್ಗುತ್ತದೆ. ಅದನ್ನು ಡೈ ಎಂಬ ಉಕ್ಕಿನ ಅಚ್ಚಿನೊಳಗೆ ಪ್ರೆಸ್ಸಿನಿಂದ ಒತ್ತಿ ಮತ್ತೆ ಅಳತೆಗೆ ತರಬೇಕು. ಹಳೆಯ ಕೇಪು ಕಳಚಬೇಕು, ಉದ್ದವಾಗಿದ್ದರೆ ಬಾಯಿ ಕತ್ತರಿಸಬೇಕು, ಹೊಸ ಕೇಪು ಕೂರಿಸಬೇಕು, ಮದ್ದು ತೂಗಿ ಹಾಕಬೇಕು, ಕೊನೆಗೆ ಗುಂಡನ್ನು ಇಂತಿಷ್ಟೇ ಆಳಕ್ಕೆ ಒತ್ತಬೇಕು. ಯಾವ ಗುಂಡಿಗೆ ಯಾವ ಮದ್ದು, ಎಷ್ಟು ಎನ್ನುವುದನ್ನು ಮದ್ದಿನ ಮತ್ತು ಗುಂಡಿನ ಕಂಪನಿಗಳು ಅಚ್ಚು ಹಾಕಿಸಿದ ಕೈಪಿಡಿಯಿಂದಲೇ ತೆಗೆದುಕೊಳ್ಳಬೇಕು, ಕೆಳಗಿನ ಅಂಕಿಯಿಂದಲೇ ಶುರುಮಾಡಬೇಕು. ಮೇಸ್ತ್ರಿಗಳು ಇದರಲ್ಲಿ ಒಂದಿಷ್ಟೂ ಸಡಿಲ ಬಿಡುವವರಲ್ಲ. ಬೆಂಚಿನ ಮೇಲೆ ಒಂದು ಹೊತ್ತಿಗೆ ಒಂದೇ ಮದ್ದಿನ ಡಬ್ಬಿ. ಎರಡನೆಯದು ಕಂಡರೆ ಕೆಲಸ ನಿಂತಿತು.

ಪ್ರೆಸ್ಸಿನ ಬಗ್ಗೆ ಜಗಳವಾಗಲಿಲ್ಲ. ಒಂದು ಎಳೆತಕ್ಕೆ ಒಂದು ತೋಟಾ ಉದುರಿಸುವ ಪ್ರೋಗ್ರೆಸಿವ್ ಪ್ರೆಸ್ಸುಗಳಿವೆ. ಅವು ಸಾವಿರಗಟ್ಟಲೆ ತುಂಬುವವರಿಗೆ. ಗುರಿಯವರಿಗೆ ಒಂದು ಸಲಕ್ಕೆ ಒಂದೇ ಕೆಲಸ ಮಾಡುವ ಸಿಂಗಲ್ ಸ್ಟೇಜ್ ಪ್ರೆಸ್ಸೇ ಸಾಕು. ಅಜ್ಜನದು ಹಸಿರು ಬಣ್ಣದ, ಎರಕದ ಕಬ್ಬಿಣದ ಆರ್‌ಸಿಬಿಎಸ್. ಆ ನಾಲ್ಕು ಅಕ್ಷರಗಳ ಕಥೆ ಚೆನ್ನಾಗಿದೆ. 1943ರಲ್ಲಿ, ಯುದ್ಧಕಾಲದಲ್ಲಿ ಗುಂಡು ಸಿಗುವುದೇ ಕಷ್ಟವಾಗಿದ್ದಾಗ, ಕ್ಯಾಲಿಫೋರ್ನಿಯಾದ ಓರೊವಿಲ್ ಊರಿನ ಫ್ರೆಡ್ ಹಂಟಿಂಗ್ಟನ್ ಎಂಬಾತ ಅಪ್ಪನ ಬಟ್ಟೆ ಒಗೆಯುವ ಅಂಗಡಿಯ ಹಿಂಭಾಗದಲ್ಲಿ ಗುಂಡು ಒತ್ತುವ ಡೈ ಮಾಡಿದ. ಎಸೆದ ಸಣ್ಣ .22 ತೋಟಾಗಳ ಹಿತ್ತಾಳೆಯೇ ಆ ಗುಂಡುಗಳ ಹೊದಿಕೆ. ಹೊಡೆಯಬೇಕಿದ್ದದ್ದು ರಾಕ್ ಚಕ್ ಎಂಬ, ಅಳಿಲಿನ ಕುಟುಂಬಕ್ಕೆ ಸೇರಿದ ಪ್ರಾಣಿಯನ್ನು. ರಾಕ್ ಚಕ್ ಬುಲೆಟ್ ಸ್ವೇಜ್ ಎಂಬ ಆ ಉಪಕರಣದ ಹೆಸರೇ ಮೊಟಕಾಗಿ ಕಂಪನಿಯ ಹೆಸರಾಯಿತು. ಇಂಥ ಪ್ರೆಸ್ಸಿಗೆ ಸವೆಯುವ ಭಾಗಗಳೇ ಕಡಿಮೆ. ಅಜ್ಜನಿಂದ ಮೊಮ್ಮಗಳಿಗೆ ನಿಶ್ಚಿಂತೆಯಿಂದ ಹೋಗಬಹುದು.

ಡೈಗಳ ವಿಚಾರ ಬಂದಾಗ ನನಗೆ ಮಾತಾಡಲು ಏನೋ ಸಿಕ್ಕಿತು. ಡೈಯನ್ನು ಪ್ರೆಸ್ಸಿಗೆ ಎಷ್ಟು ತಿರುಗಿಸಿ ಕೂರಿಸಬೇಕೆಂದು ಪೆಟ್ಟಿಗೆಯ ಚೀಟಿಯಲ್ಲಿ ಬರೆದಿರುತ್ತದೆ. ಆದರೆ ಆ ಚೀಟಿಗೆ ನಿಮ್ಮ ರೈಫಲಿನ ಕೋಣೆ ಎಷ್ಟು ಆಳವೆಂದು ಗೊತ್ತಿಲ್ಲ. ಹಿತ್ತಾಳೆಯ ಭುಜವನ್ನು ಹಾರಿಸಿದ ಅಳತೆಗಿಂತ 2 ಸಾವಿರಾಂಶ ಇಂಚು, ಎಂದರೆ ಅರ್ಧ ದಶಾಂಶ ಮಿಲಿಮೀಟರ್, ಕೂದಲೆಳೆಗಿಂತ ತುಸು ಕಡಿಮೆ, ಹಿಂದೆ ಒತ್ತಿದರೆ ಸಾಕು. ಅದಕ್ಕಿಂತ ಬಹಳ ಹಿಂದೆ ಒತ್ತಿದರೆ ಪ್ರತಿ ಈಡಿಗೂ ಹಿತ್ತಾಳೆ ಹಿಗ್ಗಿ, ಬುಡದ ಮೇಲ್ಗಡೆ ಒಳಗಿಂದ ತೆಳ್ಳಗಾಗುತ್ತ ಹೋಗಿ, ಒಂದು ದಿನ ಅಲ್ಲೇ ಕತ್ತರಿಸಿಕೊಳ್ಳುತ್ತದೆ. ಹೊರಗಿನಿಂದ ನೋಡಿದರೆ ಕಾಣುವುದಿಲ್ಲ. ಎಷ್ಟು ಬೆಲೆಯ ಡೈ ಇದ್ದರೂ ಇದನ್ನು ಅದು ನಿಮಗೆ ಹೇಳುವುದಿಲ್ಲ. ಹೇಳುವುದು ಕ್ಯಾಲಿಪರಿಗೆ ಸಿಕ್ಕಿಸುವ, ಕಂಪ್ಯಾರೇಟರ್ ಎಂಬ ಚಿಕ್ಕ ಲೋಹದ ತುಂಡು. ಹಾರಿಸುವ ಮುಂಚೆ ಎಷ್ಟಿತ್ತು, ಆಮೇಲೆ ಎಷ್ಟಾಯಿತು ಎಂಬ ವ್ಯತ್ಯಾಸವನ್ನು ಅದು ತೋರಿಸುತ್ತದೆ. ಸಾಧಾರಣ ಡೈ ಮತ್ತು ಈ ತುಂಡು ಇರುವವರು, ದುಬಾರಿ ಡೈ ಇದ್ದು ಈ ತುಂಡು ಇಲ್ಲದವರಿಗಿಂತ ಮುಂದಿರುತ್ತಾರೆ. ಮೊದಲು ಕಣ್ಣಿಗೆ ಖರ್ಚು ಮಾಡು, ಆಮೇಲೆ ಕೈಗೆ ಎಂದೆ. ಮೇಸ್ತ್ರಿಗಳು ತಲೆಯಾಡಿಸಿದರು. ಮೊಮ್ಮಗಳು ಪಟ್ಟಿಯಲ್ಲಿ ಒಂದು ಸಾಲು ಸೇರಿಸಿದಳು, ಒಂದನ್ನೂ ಹೊಡೆದುಹಾಕಲಿಲ್ಲ.

"ಹೊಸ ತಕ್ಕಡಿಯಲ್ಲಿ ತೂಗಿದ ತೋಟಾ ಬೇರೆ ಥರ ಹೊಡೆಯುತ್ತೆ. ನನ್ನ ಗೆಳತಿ ಮೂರು ಈಡು ಹೊಡೆದು ತೋರಿಸಿದ್ದಾಳೆ" ಎಂದಳು.

ಮೂರು ಈಡು! ಈ ಹವ್ಯಾಸದ ಅರ್ಧ ವ್ಯಾಪಾರ ನಿಂತಿರುವುದೇ ಮೂರು ಈಡಿನ ಮೇಲೆ. ಮೂರು ಗುಂಡು ಹೊಡೆದು, ಅತಿ ದೂರದ ಎರಡು ತೂತುಗಳ ನಡುವಿನ ಅಂತರ ಅಳೆದು, ಇದು ನನ್ನ ಕೋವಿಯ ನಿಖರತೆ ಎನ್ನುವುದು. ನಾನು ಕಾಗದ ತೆಗೆದುಕೊಂಡು ಕೂತೆ. ಗುಂಡುಗಳು ನಡುಬಿಂದುವಿನ ಸುತ್ತ ಎಲ್ಲ ದಿಕ್ಕಿಗೂ ಸಮನಾಗಿ ಚದುರುತ್ತವೆ ಎಂದಿಟ್ಟುಕೊಂಡರೆ, ಮೂರರ ಗುಂಪಿನ ಅಗಲ ಸರಾಸರಿ 1 ಇಂಚು ಬರುವ ಕೋವಿಯಲ್ಲೇ ಹತ್ತರ ಗುಂಪಿನ ಅಗಲ ಸರಾಸರಿ 1.6 ಇಂಚು ಬರುತ್ತದೆ. ಕೋವಿ ಕೆಟ್ಟಿತೆಂದಲ್ಲ, ಹೆಚ್ಚು ಹೊಡೆದಷ್ಟೂ ಅಂಚಿನ ಗುಂಡುಗಳು ಬೀಳುತ್ತವೆ. ಅದೇ ಕೋವಿ, ಅದೇ ತೋಟಾ, ಅದೇ ಕೈ. ಮೂರರ ಗುಂಪು ಒಮ್ಮೆ 0.6 ಇಂಚು, ಇನ್ನೊಮ್ಮೆ 1.4 ಇಂಚು ಬಂದರೆ ಅದರಲ್ಲಿ ಆಶ್ಚರ್ಯ ಏನೂ ಇಲ್ಲ. ಚಿಕ್ಕದು ಬಂದ ದಿನ ಹೊಸ ಉಪಕರಣಕ್ಕೆ ಹೊಗಳಿಕೆ, ದೊಡ್ಡದು ಬಂದ ದಿನ ಗಾಳಿಗೆ ಬೈಗುಳ.

ಒಂದು ಉಪಕರಣದಿಂದ ಗುಂಪು ನಿಜವಾಗಿ ನೂರಕ್ಕೆ ಹತ್ತರಷ್ಟು ಚಿಕ್ಕದಾಗುತ್ತದೋ ಇಲ್ಲವೋ ಎಂದು ನಂಬಿಕೆಯಿಂದ ಹೇಳಬೇಕಾದರೆ ಐದೈದು ಈಡಿನ ಗುಂಪುಗಳು ಎಷ್ಟು ಬೇಕು? ನಾವು ಪ್ರಬಂಧಗಳಲ್ಲಿ ಬಳಸುವ ಮಾಮೂಲಿ ಪಟ್ಟು ಹಿಡಿದು ಲೆಕ್ಕ ಹಾಕಿದೆ. ಹಳೆಯದಕ್ಕೆ ನೂರಕ್ಕೂ ಹೆಚ್ಚು, ಹೊಸದಕ್ಕೆ ನೂರಕ್ಕೂ ಹೆಚ್ಚು. ಒಟ್ಟು ಸಾವಿರದ ನೂರು ಈಡುಗಳ ಮೇಲೆ. ನಳಿಗೆಯೂ ಸವೆಯುವ ವಸ್ತು. ಕೆಲವು ಸಾವಿರ ಈಡುಗಳಲ್ಲಿ ಅದರ ನಿಖರತೆಯ ಆಯುಸ್ಸು ಮುಗಿಯುತ್ತದೆ. ಪರೀಕ್ಷೆ ಮುಗಿಯುವ ಹೊತ್ತಿಗೆ ಕೋವಿಯ ಒಳ್ಳೆಯ ದಿನಗಳಲ್ಲಿ ದೊಡ್ಡ ಪಾಲು ಪರೀಕ್ಷೆಗೇ ಹೋಗಿರುತ್ತದೆ.

ಅವಳು ಕಾಗದವನ್ನು ಬಹಳ ಹೊತ್ತು ನೋಡಿದಳು. "ಹಾಗಾದರೆ ಯಾವುದೂ ಗೊತ್ತಾಗುವುದೇ ಇಲ್ಲವಾ?" ಎಂದಳು. ಗೊತ್ತಾಗುತ್ತದೆ, ಆದರೆ ಗುರಿಹಲಗೆಯ ತೂತಿನಲ್ಲಲ್ಲ. ಒಂದೊಂದು ಹೆಜ್ಜೆಯನ್ನೂ ಬಿಡಿಯಾಗಿ ಅಳೆದು, ಅದರ ಪಾಲು ಎಷ್ಟೆಂದು ಲೆಕ್ಕ ಹಾಕಿದರೆ ಗೊತ್ತಾಗುತ್ತದೆ. ಹೀಗೆ ಮಾತು ತಕ್ಕಡಿಗೆ ಬಂತು.

ಮದ್ದನ್ನು ಇವತ್ತಿಗೂ ತೂಗುವುದು ಗ್ರೇನ್ ಲೆಕ್ಕದಲ್ಲಿ. ಗ್ರೇನ್ ಎಂದರೆ ಕಾಳು. ಹಿಂದೆ ಜವೆಗೋಧಿಯ ಕಾಳಿನಿಂದ ಹುಟ್ಟಿದ ತೂಕ. ಒಂದು ಪೌಂಡಿಗೆ 7000 ಗ್ರೇನ್, ಒಂದು ಗ್ರೇನಿಗೆ ಸುಮಾರು 65 ಮಿಲಿಗ್ರಾಂ. ನಮ್ಮ ಅಕ್ಕಸಾಲಿಗರ ಗುಲಗಂಜಿ ಹತ್ತಿರಹತ್ತಿರ ಎರಡು ಗ್ರೇನ್ ತೂಗುತ್ತದೆ. ಇದನ್ನು ಹೇಳಿದಾಗ ಮೇಸ್ತ್ರಿಗಳಿಗೆ ಎಲ್ಲಿಲ್ಲದ ಖುಷಿ. ಕೆಂಪು ಮೈಗೆ ಕಪ್ಪು ಬೊಟ್ಟಿಟ್ಟ ಆ ಬೀಜದ ಚಿತ್ರವನ್ನು ಫೋನಿನಲ್ಲಿ ಹುಡುಕಿಸಿ ನೋಡಿದರು. ಅವರ ಹಳೆಯ ದಂಡದ ತಕ್ಕಡಿ ಗ್ರೇನಿನ ಹತ್ತನೇ ಒಂದು ಭಾಗವನ್ನು ತೋರಿಸುತ್ತದೆ, ಎಂದರೆ ಗುಲಗಂಜಿಯ ಇಪ್ಪತ್ತನೇ ಒಂದು ಭಾಗ.

ಇಷ್ಟು ಸಾಲದೇ? .308ರಲ್ಲಿ ಮದ್ದಿನ 0.1 ಗ್ರೇನ್ ವ್ಯತ್ಯಾಸ ಗುಂಡಿನ ವೇಗವನ್ನು ಸೆಕೆಂಡಿಗೆ ಐದಾರು ಅಡಿಯಷ್ಟು ಬದಲಿಸುತ್ತದೆ. 600 ಗಜದಲ್ಲಿ ಅದು ಅರ್ಧ ಇಂಚಿನ ಸುಮಾರಿನ ಏರಿಳಿತ. ಅವಳ ಸ್ಪರ್ಧೆಯ ಗುರಿಹಲಗೆಯಲ್ಲಿ ಹತ್ತು ಅಂಕದ ವೃತ್ತ 6 ಇಂಚು ಅಗಲ. ಅದೇ ದೂರದಲ್ಲಿ ಗಂಟೆಗೆ ಒಂದೇ ಮೈಲಿ ವೇಗದ ಅಡ್ಡಗಾಳಿ 168 ಗ್ರೇನಿನ ಗುಂಡನ್ನು ಸುಮಾರು 3 ಇಂಚು ಪಕ್ಕಕ್ಕೆ ಒಯ್ಯುತ್ತದೆ, ಎಂದರೆ ನಟ್ಟನಡುವಿನಿಂದ ವೃತ್ತದ ಅಂಚಿಗೆ. ನೆಬ್ರಾಸ್ಕಾದಲ್ಲಿ ಗಾಳಿ ನಿಲ್ಲುವುದೆಂಬುದಿಲ್ಲ. ಇನ್ನು 100, 200 ಗಜದಲ್ಲಿ ಬೆಂಚಿನ ಮೇಲೆ ಕೋವಿಯಿಟ್ಟು ಹೊಡೆಯುವ ಬೆಂಚ್‌ರೆಸ್ಟ್‌ನವರು ಗುಂಪಿನ ಅಗಲವನ್ನು ಇಂಚಿನ ಸಾವಿರಾಂಶಗಳಲ್ಲಿ ಲೆಕ್ಕ ಹಾಕುತ್ತಾರೆ. ಅವರಲ್ಲಿ ಬಹಳ ಮಂದಿ ಮದ್ದನ್ನು ತೂಗದೆ ಅಳತೆಪಾತ್ರೆಯಿಂದ ಸುರಿದುಕೊಳ್ಳುತ್ತ ಬಂದವರು. ಅಂಗೈ ಡೈ, ಪುಟ್ಟ ಆರ್ಬರ್ ಪ್ರೆಸ್ ಹಿಡಿದುಕೊಂಡು ಸ್ಪರ್ಧೆಯ ಜಾಗದಲ್ಲೇ ಕೂತು ತುಂಬುತ್ತಾರೆ.

ಅವಳು ಸೋಲಲಿಲ್ಲ. "ಸರಿ, 0.1 ಸಾಕು ಅಂತಲೇ ಇಟ್ಟುಕೊಳ್ಳೋಣ. ಈ ತಕ್ಕಡಿ ಈಗಲೂ 0.1 ತೋರಿಸುತ್ತೆ ಅನ್ನುವುದಕ್ಕೆ ಏನು ಆಧಾರ? ನನಗಿಂತ ಹಳೆಯದು" ಎಂದಳು. ಇದು ನ್ಯಾಯವಾದ ಪ್ರಶ್ನೆ. ನನ್ನ ಇಡೀ ಪಿಎಚ್‌ಡಿ ಇಂಥ ಪ್ರಶ್ನೆಯೇ. ಮೇಸ್ತ್ರಿಗಳೂ ಒಪ್ಪಿದರು: ಪರೀಕ್ಷೆ ಮಾಡು.

ಮುಂದಿನ ಶನಿವಾರ ಸ್ವಂತ ದುಡ್ಡಿನಲ್ಲಿ ಕೊಂಡ ಮಿಲಿಗ್ರಾಂ ತೂಕದ ಬಟ್ಟುಗಳನ್ನು ಒಯ್ದೆ. ಅಜ್ಜ, ಮೊಮ್ಮಗಳು ಇಬ್ಬರಿಗೂ ಕಾಣದಂತೆ ನಾನು ಬಟ್ಟಲಿಗೆ ಬಟ್ಟುಗಳನ್ನು ಹಾಕುವುದು. ಅವರು ಒಬ್ಬೊಬ್ಬರಾಗಿ ದಂಡದ ಮೇಲಿನ ಜರುಗಿಸುವ ತೂಕಗಳನ್ನು ಸರಿಸಿ, ಮುಳ್ಳನ್ನು ಸೊನ್ನೆಗೆ ನಿಲ್ಲಿಸಿ, ಓದಿದ್ದನ್ನು ಬೇರೆ ಬೇರೆ ಚೀಟಿಯಲ್ಲಿ ಬರೆಯುವುದು. ತಲಾ 20 ಸಲ. ದೀಪ ಅದೇ, ಕುರ್ಚಿ ಅದೇ, ತಕ್ಕಡಿ ಅದೇ.

ಮೊಮ್ಮಗಳ 20 ಓದುಗಳೂ ನಿಜವಾದ ತೂಕದಿಂದ 0.1 ಗ್ರೇನಿನೊಳಗಿದ್ದವು. ಅಜ್ಜನವು 13. ಆರು ಕಡೆ 0.2, 0.3ರ ವ್ಯತ್ಯಾಸ. ಇನ್ನೊಂದು ಕಡೆ ಸರಿಯಾಗಿ ಒಂದು ಗ್ರೇನ್ ಹೆಚ್ಚು ಕಮ್ಮಿ: ಜರುಗಿಸುವ ತೂಕ ಪಕ್ಕದ ಗೀರಿನಲ್ಲಿ ಕೂತಿತ್ತು, ಅವರಿಗೆ ಕಂಡಿರಲಿಲ್ಲ.

ನಮ್ಮ ವಿಷಯದಲ್ಲಿ ಇದಕ್ಕೆ ಒಂದು ಸಲೀಸಾದ ವಿಂಗಡಣೆ ಇದೆ. ಅಳತೆಯ ತಪ್ಪಿನಲ್ಲಿ ಉಪಕರಣದ ಪಾಲು ಇಷ್ಟು, ಅಳೆಯುವವರ ಪಾಲು ಇಷ್ಟು. ಕಾರ್ಖಾನೆಗಳ ಮಾಹಿತಿ ಇಟ್ಟುಕೊಂಡು ಈ ಎರಡು ಅಂಕಿಗಳನ್ನು ನೂರು ಸಲ ಲೆಕ್ಕ ಹಾಕಿದ್ದೇನೆ. ಅಳೆಯುವವರು ಎದುರಿಗೇ ಕೂತು ಕನ್ನಡಕ ಒರೆಸಿಕೊಳ್ಳುತ್ತಿರುವಾಗ ಆ ಅಂಕಿಯನ್ನು ಹೇಗೆ ಹೇಳಬೇಕೆಂದು ಯಾವ ಪಠ್ಯದಲ್ಲೂ ಓದಿರಲಿಲ್ಲ. 40 ಗ್ರೇನಿನ ಸುಮಾರು ಮದ್ದು ಹಿಡಿಯುವ ತೋಟಾಕ್ಕೆ ಒಂದು ಗ್ರೇನ್ ಎಂದರೆ ಗುರಿ ತಪ್ಪುವ ಮಾತಲ್ಲ. ಕೈಪಿಡಿಯ ಮೇಲಿನ ಮಿತಿಯ ಹತ್ತಿರ ಇದ್ದವರಿಗೆ ಅದು ಒತ್ತಡ ಮಿತಿ ಮೀರುವ ಮಾತು. ಆ ತೋಟಾ ಸಿಡಿಯುವಾಗ ಮೊಮ್ಮಗಳ ಕೆನ್ನೆ ರೈಫಲಿನ ಹಿಡಿಗೆ ಒತ್ತಿಕೊಂಡಿರುತ್ತದೆ.

ನಾನು ಎರಡೂ ಚೀಟಿಗಳನ್ನು ನಿಜದ ತೂಕದ ಪಟ್ಟಿಯ ಪಕ್ಕಕ್ಕಿಟ್ಟು ಅವರ ಮುಂದೆ ಸರಿಸಿದೆ. ಲೇತ್ ಹಿಡಿದವರಿಗೆ ಅಂಕಿ ಓದಲು ಯಾರ ಸಹಾಯವೂ ಬೇಡ. ಮೇಲಿನಿಂದ ಕೆಳಗಿನವರೆಗೆ ಬೆರಳಿಟ್ಟುಕೊಂಡು ನೋಡಿದರು. ಆ ಒಂದು ಗ್ರೇನಿನ ಸಾಲಿನಲ್ಲಿ ಬೆರಳು ನಿಂತಿತು. ಆಮೇಲೆ, "ತಕ್ಕಡಿ ಸರಿ ಇದೆ ಅಂತಾಯ್ತು" ಎಂದರು.

ಮೊಮ್ಮಗಳು ಗೆದ್ದವಳ ಹಾಗೆ ಮಾತಾಡಲಿಲ್ಲ. ಗೆದ್ದಿದ್ದೂ ಇಲ್ಲ; ಅವಳು ಸಂಶಯಪಟ್ಟಿದ್ದು ತಕ್ಕಡಿಯನ್ನು.

ಆ ಹೊತ್ತಿನಲ್ಲಿ ನಮ್ಮ ಮನೆಯ ಅಜ್ಜನ ನೆನಪಾಯಿತು. ಹಂದಿ, ಮಂಗಗಳಿಂದ ಬೆಳೆ ಕಾಯಲೆಂದು ಲೈಸೆನ್ಸ್ ಪಡೆದ ಒಂದು ಕೇಪಿನ ಕೋವಿ ಅವರದು. ಚುನಾವಣೆ ಬಂದಾಗಲೆಲ್ಲ ಠಾಣೆಗೆ ಹೋಗಿ ಒಪ್ಪಿಸಿ ಬರುತ್ತಿದ್ದರು. ಬಾಯಿಯಿಂದ ಮದ್ದು ಸುರಿದು ಗಜದಿಂದ ಜಡಿಯುವ ಆ ಕೋವಿಗಳಲ್ಲಿ ದೊಡ್ಡ ಅಪಾಯ, ತುಂಬಿದ್ದು ಮರೆತು ಮತ್ತೊಮ್ಮೆ ತುಂಬುವುದು. ಅಜ್ಜ ತಮ್ಮ ಗಜಕ್ಕೆ ಚಾಕುವಿನಿಂದ ಎರಡು ಗುರುತು ಕೆತ್ತಿಕೊಂಡಿದ್ದರು. ಕೋವಿ ಕೈಗೆತ್ತಿಕೊಂಡರೆ ಮೊದಲು ಗಜ ಇಳಿಬಿಡುವುದು. ಕೆಳಗಿನ ಗುರುತು ನಳಿಗೆಯ ಬಾಯಿಗೆ ಬಂದು ನಿಂತರೆ ತುಂಬಿದೆ, ಮೇಲಿನದು ನಿಂತರೆ ಖಾಲಿ. ಕಣ್ಣು ಮಂಜಾದ ಮೇಲೆ ಆ ಗುರುತುಗಳನ್ನು ಉಗುರಿನಿಂದ ತಡವಿ ನೋಡುತ್ತಿದ್ದರು. ಅವರ ಬಳಿಯಿದ್ದ ಸಲಕರಣೆಗಳಲ್ಲೆಲ್ಲ ಒಳಗೇನಿದೆ ಎಂದು ಹೇಳುತ್ತಿದ್ದದ್ದು ಅದೊಂದೇ.

ಇದನ್ನು ಮೇಸ್ತ್ರಿಗಳಿಗೆ ಹೇಳಿದೆ. ಅವರು ಗಜದ ಉದ್ದ, ಗುರುತುಗಳ ನಡುವಿನ ಅಂತರ ಎಲ್ಲ ಕೇಳಿದರು. ಕೊನೆಗೆ, ಕಣ್ಣು ಹೋದವನಿಗೂ ಕೆಲಸ ಇಟ್ಟಿದ್ದರಲ್ಲ ನಿನ್ನ ಅಜ್ಜ ಎಂದು ನಕ್ಕರು.

ಆ ಸಂಜೆಯೇ ಪಟ್ಟಿ ಅಂತಿಮವಾಯಿತು. ಪ್ರೆಸ್, ದಂಡದ ತಕ್ಕಡಿ, ಬಾಯಿ ಕತ್ತರಿಸುವ ಉಪಕರಣ ಅಜ್ಜನವೇ. ಕೊಂಡದ್ದು: ಕಂಪ್ಯಾರೇಟರ್, ಹೊಸ ಡೈ, ಗುಂಡು ಕೂರಿಸುವ ಆಳವನ್ನು ಮೈಕ್ರೋಮೀಟರಿನಲ್ಲಿ ಹೊಂದಿಸುವ ಇನ್ನೊಂದು ಡೈ, ತಕ್ಕಡಿ ಪರೀಕ್ಷಿಸುವ ಬಟ್ಟುಗಳ ಪೆಟ್ಟಿಗೆ, ಸಂಶಯ ಬಂದ ತೋಟಾವನ್ನು ಬಿಚ್ಚುವ ಸುತ್ತಿಗೆ, 50 ತೂತಿನ ಮರದ ಹಲಗೆ, ಎರಡು ಕೈಪಿಡಿ. 400 ಡಾಲರ್ ದಾಟಲಿಲ್ಲ. ಉಳಿದದ್ದು ಗುಂಡಿಗೆ, ಕೇಪಿಗೆ, ಸ್ಪರ್ಧೆಯ ಶುಲ್ಕಕ್ಕೆ, ಎಂದರೆ ಗಾಳಿ ಓದುವುದನ್ನು ಕಲಿಯಲಿಕ್ಕೆ. ಗಾಳಿಗೆ ಪ್ರೆಸ್ ಮಾರುವವರು ಇನ್ನೂ ಹುಟ್ಟಿಲ್ಲ.

ಎಲೆಕ್ಟ್ರಾನಿಕ್ ತಕ್ಕಡಿ ಬೇಡ ಎಂದು ನಾನು ವಾದಿಸಲಿಲ್ಲ. ಮುಂದೆ ಸಾವಿರ ಗಜಕ್ಕೆ ಹೋದಾಗ ಅವಳಿಗೆ ಅದು ಬೇಕಾಗಬಹುದು. ಅಂಕಿ ದೊಡ್ಡದಾಗಿ ಕಾಣುವುದೂ ಒಂದು ಗುಣವೇ. ಆದರೆ ಕಡಿಮೆ ಬೆಲೆಯವು ಬಿಸಿ ತಣ್ಣಗೆ, ಫ್ಯಾನಿನ ಗಾಳಿಗೆ ಅಲುಗುತ್ತವೆ, ತಪ್ಪನ್ನೂ ಅಷ್ಟೇ ದೊಡ್ಡ ಅಂಕಿಯಲ್ಲಿ ತೋರಿಸುತ್ತವೆ. ಯಾವ ತಕ್ಕಡಿಯಾದರೂ ಬಟ್ಟು ಇಟ್ಟು ಕೇಳದೆ ನಂಬುವಂತಿಲ್ಲ.

ಈಗ ಆ ನೆಲಮಾಳಿಗೆಯಲ್ಲಿ ಕೆಲಸ ಹಂಚಿಕೆಯಾಗಿದೆ. ತಕ್ಕಡಿಯ ಮುಂದೆ ಮೊಮ್ಮಗಳು. ಜರುಗಿಸುವ ತೂಕ ಯಾವ ಗೀರಿನಲ್ಲಿದೆ ಎಂದು ಗಟ್ಟಿಯಾಗಿ ಓದುತ್ತಾಳೆ. ಮೇಸ್ತ್ರಿಗಳು ಅಷ್ಟೇ ತೂಕದ ಬಟ್ಟುಗಳನ್ನು ಬೆರಳಿನಿಂದ ಎಣಿಸಿ ಬಟ್ಟಲಿಗೆ ಹಾಕುತ್ತಾರೆ. ಮುಳ್ಳು ಸೊನ್ನೆಗೆ ಬಂದರೆ ಮಾತ್ರ ಮದ್ದಿನ ಡಬ್ಬಿಯ ಮುಚ್ಚಳ ತೆರೆಯುತ್ತದೆ. ಐವತ್ತೂ ತುಂಬಿದ ಮೇಲೆ, ಗುಂಡು ಕೂರಿಸುವ ಮೊದಲು, ಹಲಗೆ ಅವರ ಕಡೆ ಸರಿಯುತ್ತದೆ. ಅವರು ಟಾರ್ಚ್ ಹಿಡಿದು ಒಂದೊಂದೇ ಹಿತ್ತಾಳೆಯ ಬಾಯೊಳಗೆ ಮದ್ದಿನ ಮಟ್ಟ ನೋಡುತ್ತಾರೆ. ಅಷ್ಟು ದೊಡ್ಡ ವ್ಯತ್ಯಾಸ ಅವರ ಕಣ್ಣಿಗೆ ಈಗಲೂ ಕಾಣುತ್ತದೆ. ಹೋದ ವಾರ 37ನೆಯದರ ಮೇಲೆ ಟಾರ್ಚು ಸ್ವಲ್ಪ ಹೊತ್ತು ನಿಂತಿತು. ಏನೂ ಇರಲಿಲ್ಲ. ಆದರೂ ಅವಳು ಮಾತಾಡದೆ ಅದನ್ನು ತೆಗೆದು, ಸುರಿದು, ಇನ್ನೊಮ್ಮೆ ತೂಗಿ ಇಟ್ಟಳು.